ಬೆವರುವ ಮನೆತನ

ಎಡಮೊಲೆ ಇನ್ನೂ ಭಾರವಾಗಿಯೇ ಇತ್ತು, ಅಷ್ಟರಲ್ಲೇ ಮಗು ಬಾಯಿ ಬಿಟ್ಟುಬಿಟ್ಟಿತು. ಅವಳು ಬೆರಳಿನಿಂದ ಗಲ್ಲ ತಟ್ಟಿ ಮತ್ತೆ ಮೊಲೆಗೆ ಹಿಡಿದಳು. ನಾಲ್ಕೈದು ಗುಟುಕು ಕುಡಿದು ಮತ್ತೆ ಬಿಟ್ಟಿತು. ಈ ಸಲ ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಮುಖ ಕಿವುಚಿ ಅತ್ತಿತು. ಹಸಿವಿನ ಅಳು ಅವಳಿಗೆ ಗೊತ್ತಿತ್ತು, ನಿದ್ದೆಯ ಅಳೂ ಗೊತ್ತಿತ್ತು. ಇದು ಅವೆರಡೂ ಅಲ್ಲ. ಯಾರೋ ಕಾಣದಂತೆ ಬಂದು ಚಿವುಟಿ ಹೋದ ಹಾಗೆ ಒಮ್ಮೆಲೇ ಶುರುವಾಗಿ, ಉಸಿರು ಸಾಲದೆ ನಡುವಿನಲ್ಲೇ ನಿಂತುಹೋಗುವ ಅಳು. ಹೆಗಲ ಮೇಲಿದ್ದ ಸಣ್ಣ ಟವೆಲ್ಲಿನಿಂದ ಅದರ ಹಣೆ ಒರೆಸಿದಳು. ಕೂದಲು ಒದ್ದೆಯಾಗಿ ತಲೆಗೆ ಅಂಟಿಕೊಂಡಿತ್ತು.

"ಶುರುವಾಯ್ತಾ ಬೆವರಪ್ಪಂದು?" ಒಣಗಿದ ಬಟ್ಟೆ ಮಡಚುತ್ತಿದ್ದ ಅತ್ತೆ ಕತ್ತು ಚಾಚಿ ನೋಡಿದರು. "ನೂಲಿನಂತೆ ಸೀರೆ, ಅಪ್ಪನಂತೆ ಮಗ. ನಿನ್ನ ಹಾಲು ಅಷ್ಟು ರುಚಿ ಕಣೇ, ಪಾಪ, ಮೈಯೆಲ್ಲ ನೀರಾಗಿ ಕುಡೀತಾನೆ."

ಮೂಲೆಯಲ್ಲಿ ಉಗುರು ಕತ್ತರಿಸಿಕೊಳ್ಳುತ್ತಿದ್ದ ನಾದಿನಿ ನಕ್ಕಳು. ಅವಳೂ ನಕ್ಕಳು.

ಅದು ಆ ಮನೆಯ ಹಳೆಯ ತಮಾಷೆ. ಆ ಮನೆಯ ಗಂಡಸರು ಉಣ್ಣುವಾಗ ಬೆವರುತ್ತಾರೆ. ಮಾವ ಬದುಕಿದ್ದಾಗ ಹೆಗಲ ಮೇಲೆ ಟವೆಲ್ ಇಲ್ಲದೆ ತಟ್ಟೆಯ ಮುಂದೆ ಕೂರುತ್ತಿರಲಿಲ್ಲವಂತೆ. ಗೋಡೆಯ ಮೇಲಿನ ಫೋಟೋದಲ್ಲೂ ಆ ಟವೆಲ್ ಇದೆ. ಅವಳ ಗಂಡನೂ ಹಾಗೆಯೇ. ಎರಡು ತುತ್ತು ಒಳಗೆ ಹೋಗುವುದರೊಳಗೆ ಮೂಗಿನ ತುದಿಯಲ್ಲಿ ಹನಿ ನಿಲ್ಲುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ನೋಡಿ ಗಾಬರಿಯಾದವಳನ್ನು ಅತ್ತೆ ಪಕ್ಕಕ್ಕೆ ಕರೆದು ಹೇಳಿದ್ದರು. "ಹೆದರ್ಬೇಡ. ನಮ್ಮ ಮನೇಲಿ ಗಂಡಸರು ಬಾಯ್ಬಿಟ್ಟು ಹೊಗಳಲ್ಲ. ಬೆವರು ಬಂತೋ, ಅಡುಗೆ ಚೆನ್ನಾಗಿದೆ ಅಂತ ಲೆಕ್ಕ." ಅವತ್ತಿನಿಂದ ಅವಳು ಗಂಡನ ಹಣೆ ನೋಡಿಯೇ ಉಪ್ಪು ಖಾರ ಸರಿಯಿದೆಯೋ ಇಲ್ಲವೋ ತಿಳಿದುಕೊಳ್ಳುತ್ತಿದ್ದಳು. ಮಗು ಹಾಲು ಕುಡಿಯುವಾಗ ಮೊದಲ ಸಲ ಬೆವರಿದ ದಿನ ಅತ್ತೆ ಬೀದಿಯವರಿಗೆಲ್ಲ ಕೂಗಿ ಹೇಳಿದ್ದರು. ಅವಳಿಗೂ ಒಳಗೊಳಗೆ ಹಿಗ್ಗೇ ಆಗಿತ್ತು.

ಆದರೆ ಕೆಲವು ದಿನಗಳಿಂದ ಒಂದು ಸಂಗತಿ ಅವಳ ಕೈಗೆ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಊಟವಾದ ಮೇಲೆ ಗಂಡನ ಟವೆಲ್ಲನ್ನು ಒಗೆಯಲು ತೆಗೆದುಕೊಂಡು ಹೋಗುವವಳು ಅವಳೇ. ಆ ಬೆವರು ಬೆಚ್ಚಗಿರುತ್ತದೆ. ಮಗುವಿನದು ತಣ್ಣಗಿತ್ತು. ಮಣ್ಣಿನ ಗಡಿಗೆಯ ಹೊರಮೈ ಮುಟ್ಟಿದ ಹಾಗೆ.

"ಅತ್ತೇ, ಇವನ ಬೆವರು ತಣ್ಣಗಿದೆ," ಎಂದಳು, ಏನೋ ಸುಮ್ಮನೆ ಹೇಳುವವಳ ಹಾಗೆ.

"ಆರಿದ ಬೆವರು ತಣ್ಣಗಾಗದೆ ಇನ್ನೇನು ಕುದಿಯುತ್ತಾ?" ಎಂದರು ಅತ್ತೆ.

"ಅತ್ತಿಗೆ ಮುಂದಿನ ಸಲ ಥರ್ಮಾಮೀಟರ್ ಇಡ್ತಾರೆ ಬಿಡಮ್ಮಾ," ಎಂದಳು ನಾದಿನಿ.

"ಹೌದತ್ತೆ," ಎಂದು ಅವಳು ಮತ್ತೆ ನಕ್ಕಳು. ಅವಳ ನಗು ಯಾವಾಗಲೂ ಎಲ್ಲರಿಗಿಂತ ಕೊನೆಗೆ ಬರುತ್ತಿತ್ತು. ಆದರೆ ಬಾರದೆ ಇರುತ್ತಿರಲಿಲ್ಲ. ತವರಿನಲ್ಲಿ ಅಮ್ಮ ಕಲಿಸಿದ್ದು ಅದೊಂದೇ. ಗಂಡನ ಮನೆಯಲ್ಲಿ ಅಡುಗೆ ಬಾರದಿದ್ದರೂ ನಡೆಯುತ್ತದೆ, ಅವರು ನಗುವಾಗ ನಗಲು ಬರಬೇಕು. ಅತ್ತೆ ಕೆಟ್ಟವರಲ್ಲ. ಬಾಣಂತನದಲ್ಲಿ ಅವಳ ಕಾಲು ಒತ್ತಿದವರು. ಅದಕ್ಕೇ ನಗುವುದು ಇನ್ನೂ ಸುಲಭವಾಗಿತ್ತು.

ಮಗು ಅಳುತ್ತಲೇ ಇರುವುದನ್ನು ಕಂಡು ಅದಕ್ಕೂ ಹಿಂದಿನ ವಾರ ಬೀದಿ ಕೊನೆಯ ಡಾಕ್ಟರ ಹತ್ತಿರ ಹೋಗಿದ್ದರು. ವಯಸ್ಸಾದ ಡಾಕ್ಟರು, ಆ ಮನೆಯ ಮೂರು ತಲೆಮಾರು ಕಂಡವರು. ಹೊಟ್ಟೆ ಒತ್ತಿ ನೋಡಿ, "ಹಾಲು ಕುಡೀವಾಗ ಬೆವರ್ತಾನೇನಮ್ಮಾ?" ಎಂದು ಕೇಳಿದ್ದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಬೆವರದೆ ಇದ್ರೆ ನಮ್ಮ ಮಗೂನೇ ಹೌದೋ ಅಲ್ವೋ ಅಂತ ಅನುಮಾನ ಪಡ್ಬೇಕಾಗಿತ್ತು ಡಾಕ್ಟ್ರೇ!" ಎಂದರು. ಮಾವನ ಟವೆಲ್ಲನ್ನು ನೋಡಿದ್ದ ಡಾಕ್ಟರು ಕನ್ನಡಕ ತೆಗೆದು ನಕ್ಕರು. ಹೊಟ್ಟೆಯ ಗಾಳಿಗೆ ಹನಿಮದ್ದು ಬರೆದುಕೊಟ್ಟರು. ಅಲ್ಲಿಯೂ ಅವಳು ಕೊನೆಗೆ ನಕ್ಕಿದ್ದಳು.

ಹನಿ ಹಾಕಿದರೂ ಅಳು ನಿಲ್ಲಲಿಲ್ಲ. ಮಗು ತೂಕ ಹಿಡಿಯಲಿಲ್ಲ. ಅದರ ಕೈಬಳೆ ಮೊಣಕೈವರೆಗೆ ಜಾರತೊಡಗಿತು.

ಚುಚ್ಚುಮದ್ದಿನ ದಿನ ನಾದಿನಿಯನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋದಳು. ಸೂಜಿ ಚುಚ್ಚಿದ ಕೂಡಲೇ ಮಗು ಜೋರಾಗಿ ಅತ್ತಿತು, ಎಲ್ಲ ಮಕ್ಕಳೂ ಅಳುವ ಹಾಗೆ. ಆಮೇಲೆ ಅಳು ತಟ್ಟನೆ ನಿಂತಿತು. ತುಟಿಯ ಸುತ್ತ ಬೂದಿ ಬಳಿದ ಹಾಗಾಯಿತು. ಹಣೆಯಿಂದ ನೀರು ಇಳಿಯತೊಡಗಿತು. ಕಣ್ಣು ತೆರೆದೇ ಇತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ.

"ಅತ್ತಿಗೇ, ಇವನು ಯಾಕೆ ಹೀಗೆ..." ನಾದಿನಿಯ ಮಾತು ಅರ್ಧಕ್ಕೆ ನಿಂತಿತು.

ಅಲ್ಲಿದ್ದ ಮಕ್ಕಳ ಡಾಕ್ಟರು ಮಗುವನ್ನು ಎತ್ತಿಕೊಂಡು ಒಳಗೋಡಿದರು. ಆಮ್ಲಜನಕ ಇಟ್ಟು, ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಬೆರಳಾಡಿಸಿದರು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಗಾಬರಿಯಿರಲಿಲ್ಲ. ಗಾಬರಿಯನ್ನು ಮಡಚಿ ಒಳಗಿಟ್ಟುಕೊಂಡವರ ಮುಖ ಅದು. ಎಕ್ಸ್-ರೇಯಲ್ಲಿ ಎದೆಯ ತುಂಬ ಹೃದಯವೇ ಕಂಡಿತು. ದೊಡ್ಡ ಆಸ್ಪತ್ರೆಗೆ ಇವತ್ತೇ ಹೋಗಬೇಕು ಎಂದರು. ನಾಳೆ ಹೋದರೆ ಆಗುವುದಿಲ್ಲವೇ ಎಂದು ಅವಳು ಕೇಳಲೇ ಇಲ್ಲ. ನಾದಿನಿಯ ಕೈಯಲ್ಲಿ ಅತ್ತೆಗೂ ಗಂಡನಿಗೂ ಫೋನ್ ಮಾಡಿಸಿದಳು.

ದೊಡ್ಡ ಆಸ್ಪತ್ರೆಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುವ ಕೋಣೆಯ ದೀಪ ಆರಿಸಿದ್ದರು. ಪರದೆಯ ಬೆಳಕು ಮಾತ್ರ. ಅತ್ತೆ ಮಗುವಿನ ಪಾದ ಹಿಡಿದುಕೊಂಡಿದ್ದರು, ಅವಳು ಬೆರಳಿಗೆ ಸಕ್ಕರೆ ನೀರು ಹಚ್ಚಿ ಬಾಯಲ್ಲಿಟ್ಟಿದ್ದಳು. ಗಂಡ ಕೆಲಸದ ಬಟ್ಟೆಯಲ್ಲೇ ಓಡಿಬಂದು ಬಾಗಿಲ ಹತ್ತಿರ ನಿಂತಿದ್ದ. ಅವನು ಪ್ಲಂಬರ್. ಅಂಗಿಯ ತೋಳಿಗೆ ಹತ್ತಿದ ಸಿಮೆಂಟು ಇನ್ನೂ ಹಸಿಯಾಗಿಯೇ ಇತ್ತು.

ಹೃದಯದ ಡಾಕ್ಟರು ಅವಳಷ್ಟೇ ವಯಸ್ಸಿನ ಹೆಂಗಸು. ಮೊದಮೊದಲು ಮಗುವಿನ ಜೊತೆ ಮಾತಾಡುತ್ತಲೇ ಇದ್ದರು. "ಏನೋ ರಾಜ, ತಣ್ಣಗಿದೆಯಾ ಈ ಜೆಲ್? ಸ್ವಲ್ಪ ತಡ್ಕೋ, ನಿಮ್ಮಮ್ಮಂಗೆ ಹೇಳಿ ನಂಗೆ ಬೈಸು." ಆಮೇಲೆ ಮಾತು ನಿಂತಿತು. ಒಂದೇ ಜಾಗದಲ್ಲಿ ಉಪಕರಣ ಒತ್ತಿ, ತಿರುಗಿಸಿ, ಮತ್ತೆ ಒತ್ತಿದರು. ಪರದೆಯ ಮೇಲೆ ಒಂದು ಚೀಲ ಸೋತ ಮುಷ್ಟಿಯ ಹಾಗೆ ಮುಚ್ಚಲಾರದೆ ಮುಚ್ಚುತ್ತಿತ್ತು.

ಡಾಕ್ಟರ ಮೌನವೆಂದರೆ ಏನೆಂದು ಅವಳಿಗೆ ಆ ದಿನ ಗೊತ್ತಾಯಿತು. ಸೂಜಿ ಬಿದ್ದರೆ ಕೇಳುವ ಮೌನವಲ್ಲ. ಯಂತ್ರ ಗುಂಯ್‌ಗುಡುತ್ತಿತ್ತು, ಹೊರಗೆ ಯಾರೋ ಕೆಮ್ಮುತ್ತಿದ್ದರು. ಆದರೂ ಭೂಮಿ ಕಾಲಡಿಯಿಂದ ನಿಧಾನಕ್ಕೆ ಸರಿಯುವ ಸದ್ದು ಅವಳಿಗೆ ಕೇಳಿಸಿತು.

"ಹೃದಯದ ಸ್ನಾಯು ತುಂಬ ಸೋತಿದೆ," ಎಂದರು ಡಾಕ್ಟರು, ಪರದೆಯಿಂದ ಕಣ್ಣು ತೆಗೆಯದೆ. "ಸೋಂಕಿನಿಂದಲೂ ಹೀಗಾಗುತ್ತೆ, ಹುಟ್ಟಿನಿಂದಲೇ ಸ್ನಾಯು ದುರ್ಬಲ ಇದ್ರೂ ಆಗುತ್ತೆ. ಆದ್ರೆ ನಾನಿನ್ನೂ ಒಂದು ನೋಡ್ಬೇಕು. ಒಂದು ಹೇಳಿ. ಹಾಲು ಕುಡೀವಾಗ ಬೆವರ್ತಾನಾ?"

ಅಭ್ಯಾಸಬಲದಿಂದ ಅತ್ತೆಯ ಬಾಯಿಗೆ ಮಾತು ಬಂದೇಬಿಟ್ಟಿತು. "ಅದು ನಮ್ಮ ಮನೇಲಿ ಎಲ್ರೂ..." ಅಷ್ಟರಲ್ಲಿ ಏನೋ ತಿಳಿದವರ ಹಾಗೆ ಮಾತು ನಿಲ್ಲಿಸಿದರು. ಅವರ ಕೈ ಮಗುವಿನ ಪಾದದ ಮೇಲೇ ಇತ್ತು.

"ಬೆವರ್ತಾನೆ," ಎಂದಳು ಅವಳು. ದನಿ ತನ್ನದಲ್ಲ ಅನಿಸಿತು. "ತಣ್ಣಗೆ ಬೆವರ್ತಾನೆ. ನಾಲ್ಕು ಗುಟುಕು ಕುಡಿದು ಬಿಟ್ಬಿಡ್ತಾನೆ. ಆಮೇಲೆ ಅಳ್ತಾನೆ. ಹಸಿವಿನ ಅಳು ಅಲ್ಲ ಅದು."

"ನೋವಿನದಾ?"

ಆ ಪದವನ್ನು ಅವಳು ಇಷ್ಟು ದಿನ ತಾನೇ ತನಗೆ ಹೇಳಿಕೊಂಡಿರಲಿಲ್ಲ. ಹೌದೆಂದು ತಲೆ ಆಡಿಸಿದಳು.

ಡಾಕ್ಟರು ಉಪಕರಣಕ್ಕೆ ಮತ್ತಷ್ಟು ಜೆಲ್ ಹಚ್ಚಿಕೊಂಡರು. "ಎರಡು ನಾಳಗಳೂ ಎಲ್ಲಿಂದ ಹುಟ್ತಿವೆ ಅಂತ ಕಣ್ಣಾರೆ ಕಾಣೋವರೆಗೂ ನಾನು ಇಲ್ಲಿಂದ ಏಳಲ್ಲ," ಎಂದು ಯಾರಿಗೋ ಹೇಳಿದರು. ತಮಗೇ ಇರಬೇಕು. ಬಹಳ ಹೊತ್ತಿನ ಮೇಲೆ ಪರದೆಯ ಒಂದು ಮೂಲೆಯಲ್ಲಿ ಎಳೆಯಷ್ಟು ಬಣ್ಣ ಮಿನುಗಿತು. ಕೂದಲೆಳೆಯಷ್ಟು, ಅಷ್ಟೇ. ಡಾಕ್ಟರು ಚಿತ್ರ ನಿಲ್ಲಿಸಿ, ಉಸಿರು ಬಿಟ್ಟರು. "ಸಿಕ್ತು. ರಕ್ತ ಹಿಂದಕ್ಕೆ ಹರೀತಿದೆ."

ದೀಪ ಹಾಕಿದ ಮೇಲೆ ಅವರು ಕಾಗದದ ಹಾಳೆಯ ಹಿಂದೆ ಚಿತ್ರ ಬರೆದು ತೋರಿಸಿದರು. "ಹೃದಯ ಇಡೀ ಮೈಗೆ ರಕ್ತ ಬಡಿಸುತ್ತೆ. ಆದ್ರೆ ಬಡಿಸೋಳಿಗೂ ಹಸಿವಾಗುತ್ತಲ್ಲ? ಅದಕ್ಕೇ ಅಂತ ಎರಡು ಸಣ್ಣ ನಾಳ ಇರ್ತವೆ. ಎರಡೂ ಶುದ್ಧ ರಕ್ತದ ದೊಡ್ಡ ನಾಳದಿಂದ ಹುಟ್ಟಬೇಕು. ಇವನಿಗೆ ಬಲಗಡೆಯದು ಸರಿಯಾಗಿದೆ. ಎಡಗಡೆಯದು ಶ್ವಾಸಕೋಶಕ್ಕೆ ಹೋಗೋ ನಾಳದಿಂದ ಹುಟ್ಟಿದೆ. ಬಹಳ ಅಪರೂಪ."

"ತಪ್ಪು ಲೈನಿಗೆ ಕನೆಕ್ಷನ್," ಎಂದ ಗಂಡ, ಬಾಗಿಲಿನಿಂದಲೇ.

"ಹೂಂ, ಹಾಗೇ ಅನ್ನಿ."

"ಹುಟ್ಟಿದಾಗ ಚೆನ್ನಾಗೇ ಇದ್ನಲ್ಲ ಮೇಡಂ?"

"ಆಗ ಆ ನಾಳದಲ್ಲೂ ಪ್ರೆಶರ್ ಇರುತ್ತೆ. ವಾರ ಕಳೀತಾ ಕಳೀತಾ ಇಳಿಯುತ್ತೆ."

"ಪ್ರೆಶರ್ ಇಳಿದ್ರೆ ರಿವರ್ಸ್ ಹೊಡೆಯುತ್ತೆ," ಎಂದ ಅವನು ಮೆಲ್ಲಗೆ. ದಿನವೂ ಯಾರದೋ ಮನೆಯ ಬಚ್ಚಲಲ್ಲಿ ಕೂತು ಅವನು ಹೇಳುವ ಮಾತು ಅದು. "ಇನ್ನೊಂದು ಕಡೆಯಿಂದ ಬಂದಿದ್ದನ್ನೂ ಎಳ್ಕೊಂಡುಬಿಡುತ್ತೆ."

"ಅದೇ ಆಗ್ತಿರೋದು."

"ಎಷ್ಟು ದಪ್ಪ ಮೇಡಂ, ಆ ನಾಳ?"

"ಬೆಂಕಿಕಡ್ಡಿಗಿಂತ ಸಣ್ಣ. ಅದನ್ನು ಅಲ್ಲಿಂದ ಬಿಡಿಸಿ ಸರಿಯಾದ ನಾಳಕ್ಕೆ ಹೊಲೀಬೇಕು. ಸಿಟಿ ಸ್ಕ್ಯಾನ್ ಮಾಡಿ ಖಾತ್ರಿ ಮಾಡ್ಕೊಂಡು ಆದಷ್ಟು ಬೇಗ ಆಪರೇಷನ್."

ಅವನು ತನ್ನ ಕೈ ನೋಡಿಕೊಂಡ. ಕೀಲುಗಳಲ್ಲಿ ಸಿಮೆಂಟು ಕೂತ ದಪ್ಪ ಬೆರಳುಗಳು. ಹೊಸ ಜಾಯಿಂಟು ಮೊದಲ ದಿನ ಸೋರಬಹುದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಕೇಳದೆ ಉಳಿಸಿದ ಪ್ರಶ್ನೆ ಅವಳಿಗೆ ಕೇಳಿಸಿತು.

ಅವಳು ಬೇರೊಂದು ಕೇಳಿದಳು. "ಹಾಲು ಕುಡೀವಾಗಲೇ ಯಾಕೆ?"

"ಈ ವಯಸ್ಸಿನ ಮಗೂಗೆ ಹಾಲು ಕುಡಿಯೋದಕ್ಕಿಂತ ದೊಡ್ಡ ದುಡಿಮೆ ಇಲ್ಲಮ್ಮ. ನಾವು ಬೆಟ್ಟ ಹತ್ತಿದ ಹಾಗೆ. ಅಷ್ಟು ರಕ್ತ ಹೃದಯಕ್ಕೆ ಸಿಗ್ತಿರಲಿಲ್ಲ. ದೊಡ್ಡೋರಿಗೆ ಬರೋ ಎದೆನೋವೇ ಇದು. ಅವನಿಗೆ ಹೇಳೋಕೆ ಬರ್ತಿರಲಿಲ್ಲ, ಅಷ್ಟೇ."

ಹಾಗಾದರೆ ತಾನು ಎದೆಗೆ ಹಾಕಿಕೊಂಡಾಗಲೆಲ್ಲ ಅವನ ಎದೆ ನೋಯುತ್ತಿತ್ತು. ಗಲ್ಲ ತಟ್ಟಿ, ಕುಡಿ ಕುಡಿ ಎಂದು ಮತ್ತೆ ಬೆಟ್ಟ ಹತ್ತಿಸಿದ್ದಳು. ಹಸಿವಿಗೆ ಹತ್ತುತ್ತಿದ್ದ, ನೋವಿಗೆ ಇಳಿಯುತ್ತಿದ್ದ, ಮತ್ತೆ ಹಸಿವಿಗೆ ಹತ್ತುತ್ತಿದ್ದ. ಹಾಲು ರುಚಿಯಾಗಿದೆ ಎಂದು ಮನೆಯೆಲ್ಲ ನಗುತ್ತಿತ್ತು.

ಆಪರೇಷನ್ನಿನ ಬೆಳಿಗ್ಗೆ ಮಗುವಿಗೆ ಹಾಲು ಕೊಡಬಾರದೆಂದು ಹೇಳಿದ್ದರು. ಮೂಗಿನ ಕೊಳವೆ, ಕೈಯ ಸೂಜಿ ಎಲ್ಲ ಇದ್ದರೂ ಮಗು ಅವಳ ವಾಸನೆ ಹಿಡಿದು ಮುಖ ತಿರುಗಿಸಿ ಹುಡುಕುತ್ತಿತ್ತು. ಅವಳ ರವಿಕೆ ತೊಯ್ದುಹೋಯಿತು. ಕೊಡಬೇಕೆಂಬ ಆಸೆಯಷ್ಟೇ ಕೊಡಲು ಭಯವೂ ಇತ್ತು. ಇನ್ನು ಮೇಲೆ ಎಂದಾದರೂ ಭಯವಿಲ್ಲದೆ ಕೊಡಲು ಆದೀತೇ ಎಂದುಕೊಂಡಳು. ಇನ್ನು ಮೇಲೆ ಎಂಬುದು ಇದ್ದರೆ ಎಂದೂ ಮನಸ್ಸು ಹೇಳಿತು. ಅದರ ಬಾಯನ್ನು ಅಲ್ಲೇ ಮುಚ್ಚಿಸಿದಳು.

ನೀಲಿ ಟೊಪ್ಪಿಯ ನರ್ಸ್ ಮಗುವನ್ನು ಎತ್ತಿಕೊಂಡಳು. ತೋಳು ಖಾಲಿಯಾಯಿತು. ಆ ಖಾಲಿ ತೋಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಅವಳು ಬಹಳ ಹೊತ್ತು ಹಾಗೆಯೇ ಮಡಚಿಕೊಂಡು ನಿಂತಿದ್ದಳು.

ಹೊರಗಿನ ಬೆಂಚಿನ ಮೇಲೆ ನಾಲ್ವರೂ ಕೂತರು. ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ಕೊಟ್ಟು ಹೊಲಿಯುತ್ತಾರೆ ಎಂದು ಹೇಳಿದ್ದರು. ಈಗ ನಿಲ್ಲಿಸಿರಬಹುದು. ಈಗ ನಿಂತಿದೆ. ಲೋಕದಲ್ಲಿ ಎಲ್ಲವೂ ನಡೆಯುತ್ತಿತ್ತು, ಲಿಫ್ಟು ಇಳಿಯುತ್ತಿತ್ತು, ಒಬ್ಬಳು ನೆಲ ಒರೆಸುತ್ತಿದ್ದಳು.

ನಾದಿನಿಗೆ ಸುಮ್ಮನಿದ್ದು ಅಭ್ಯಾಸವಿಲ್ಲ. "ಅಣ್ಣಾ, ನಿನ್ನನ್ನೇ ಒಳಗೆ ಕರ್ಕೋಬೇಕಿತ್ತು. ಪೈಪ್ ಕೆಲಸ ಅಲ್ವಾ," ಎಂದಳು. ಹೇಳುತ್ತಲೇ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. ಅಣ್ಣ ಅವಳ ತಲೆಗೆ ಮೊಟಕಿ, ಮುಖ ಆಚೆ ತಿರುಗಿಸಿಕೊಂಡ.

ಅತ್ತೆ ಒಂದೇ ಸಮನೆ ಒಂದು ಸಣ್ಣ ಟವೆಲ್ ಮಡಚುತ್ತಿದ್ದರು. ಮಡಚಿ, ಬಿಚ್ಚಿ, ಮತ್ತೆ ಮಡಚುವುದು. ಬೇರೆ ಯಾರಿಗೂ ಕೇಳದ ಹಾಗೆ, "ಏನೇ, ಆ ಡಾಕ್ಟರಮ್ಮ ಬೆವರಿನ ವಿಷ್ಯ ಆಮೇಲೆ ಏನಾದ್ರೂ ಅಂದ್ರಾ?" ಎಂದರು.

"ಇಲ್ಲತ್ತೆ."

"ಮೊದಲೇ ಗೊತ್ತಾಗಿದ್ರೆ ಅಂತ ಏನಾದ್ರೂ...?"

"ಏನೂ ಅಂದಿಲ್ಲತ್ತೆ."

ಅದು ನಿಜವೂ ಹೌದು. ಡಾಕ್ಟರು ಏನೂ ಅಂದಿರಲಿಲ್ಲ. ಅತ್ತೆ ಅವಳ ಮುಖವನ್ನು ನೋಡುತ್ತಲೇ ಇದ್ದರು, ಅಲ್ಲಿ ಬೇರೇನಾದರೂ ಬರೆದಿದೆಯೇ ಎಂಬಂತೆ. ಅವಳಿಗೆ ಒಂದು ಕ್ಷಣ ಕಿರುಚಬೇಕೆನ್ನಿಸಿತು. ತಣ್ಣಗಿದೆ ಅಂದಿದ್ದೆನಲ್ಲ! ಆದರೆ ಅಂದವಳೇ 'ಹೌದತ್ತೆ' ಎಂದೂ ಅಂದಿದ್ದಳಲ್ಲ. ಸಿಟ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯಿತು.

ಸಂಜೆಯ ಹೊತ್ತಿಗೆ ಸರ್ಜನ್ ಹೊರಬಂದರು. ನಾಳ ಸರಿಯಾದ ಜಾಗಕ್ಕೆ ಸೇರಿದೆ, ರಕ್ತ ಮುಂದಕ್ಕೆ ಹರಿಯುತ್ತಿದೆ ಎಂದರು. ಆದರೆ ಹೃದಯ ತುಂಬ ಸೋತಿದೆ, ಊತವಿದೆ, ಅದಕ್ಕೆ ಎದೆಯನ್ನು ಇನ್ನೂ ಮುಚ್ಚಿಲ್ಲ. ಕವಾಟವೊಂದು ಸೋರುತ್ತಿದೆ, ಅದು ತಾನಾಗಿ ಸರಿಹೋಗಬಹುದು, ಹೋಗದಿರಬಹುದು. "ಈ ಮಕ್ಕಳ ಹೃದಯಕ್ಕೆ ಊಟ ಸಿಕ್ರೆ ಚೇತರಿಸಿಕೊಳ್ಳೋ ಶಕ್ತಿ ಇರುತ್ತೆ. ಆದ್ರೆ ಇವತ್ತೇ ಏನೂ ಹೇಳೋಕಾಗಲ್ಲ."

ಎದೆ ಮುಚ್ಚಿಲ್ಲ ಎಂಬ ಮಾತನ್ನು ಹೊತ್ತುಕೊಂಡು ಅವಳು ಐಸಿಯು ಬಾಗಿಲು ದಾಟಿದಳು. ಅಷ್ಟು ದೊಡ್ಡ ಹಾಸಿಗೆಯಲ್ಲಿ ಅಷ್ಟು ಸಣ್ಣ ಜೀವ. ಎದೆಯ ಮೇಲೆ ತೆಳ್ಳನೆಯ ಹಾಳೆಯಂಥದ್ದು, ಅದರಡಿ ಏನೋ ಮಿಡಿಯುತ್ತಿತ್ತು. ನೋಡಬಾರದ್ದನ್ನು ನೋಡಿದೆನೆಂದು ಕಣ್ಣು ಕೆಳಗಿಳಿಸಿದಳು. ಪಾದ ಮಾತ್ರ ಮುಟ್ಟಬಹುದೆಂದರು. ಮುಟ್ಟಿದಳು. ತಣ್ಣಗಿತ್ತು.

ಆ ದಿನಗಳು ಹೇಗೆ ಕಳೆದವೆಂದು ಅವಳಿಗೆ ನೆನಪಿಲ್ಲ. ಎದೆ ಮುಚ್ಚಿದರು. ಉಸಿರಿನ ಕೊಳವೆ ತೆಗೆದರು. ಹಿಂಡಿ ಕೊಟ್ಟ ಹಾಲನ್ನು ಮೊದಲು ಮೂಗಿನ ಕೊಳವೆಯಲ್ಲಿ ಹನಿಹನಿಯಾಗಿ ಬಿಟ್ಟರು, ಆಮೇಲೆ ಚಮಚದಲ್ಲಿ. ಮಗು ಒಮ್ಮೆ ಸೀನಿತು. ಗಂಡ ಆ ಸೀನಿನ ಸುದ್ದಿಯನ್ನು ಲಿಫ್ಟಿನವನಿಗೂ ಹೇಳಿ ಬಂದ.

ವಾರ್ಡಿಗೆ ತಂದ ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಬಂದು, "ಇವತ್ತು ಎದೆಗೆ ಹಾಕ್ಕೊಳ್ಳಿ. ಸ್ವಲ್ಪ ಹೊತ್ತು," ಎಂದು ಹೋದರು.

ಅವಳು ಗೋಡೆಗೆ ಒರಗಿ ಕೂತಳು. ಹೊಲಿಗೆ ತಾಗದ ಹಾಗೆ ಅತ್ತೆ ಮಗುವನ್ನು ದಿಂಬಿನ ಸಮೇತ ತೊಡೆಯ ಮೇಲಿಟ್ಟರು. ಮಗು ಹುಡುಕಿತು, ಹಿಡಿಯಿತು. ಒಂದು ಗುಟುಕು. ಎರಡು. ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ನಾಲ್ಕು. ಐದು. ಇಲ್ಲೇ ಬಿಡುತ್ತಿತ್ತು, ಇಲ್ಲೇ. ಬಿಡಲಿಲ್ಲ. ನುಂಗುವ ಸದ್ದು ಕೇಳುತ್ತಲೇ ಇತ್ತು.

ಆಗ ಮೇಲ್ದುಟಿಯ ಮೇಲೆ ಒಂದು ಹನಿ ಕಂಡಿತು. ಹಣೆಯಂಚಿನಲ್ಲಿ ಇನ್ನೊಂದು.

ಅತ್ತೆಯೂ ನೋಡಿದರು. ಟವೆಲ್ ಹಿಡಿದ ಅವರ ಕೈ ಮುಂದೆ ಬಂದು ಗಾಳಿಯಲ್ಲೇ ನಿಂತಿತು. ಒರೆಸಲು ಧೈರ್ಯವಾಗಲಿಲ್ಲ.

"ಸೆಕೆ ಅಲ್ವೇನೇ?" ಎಂದರು. "ಈ ರೂಮು ತುಂಬ ಸೆಕೆ. ನಂಗೂ ಬೆವರ್ತಿದೆ ನೋಡು. ಅಲ್ವಾ?"

ಅವಳಿಗೆ ಆ ದನಿ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಕೇಳಿದ ದನಿಯಲ್ಲ. ಬೇಡುವವರ ದನಿ. ಒಂದು 'ಹೌದತ್ತೆ' ಎಂದರೆ ಆ ಮುದುಕಿಯ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು, ಅಷ್ಟು ವರ್ಷದ ರೂಢಿ.

ಅವಳು ಮಗುವಿನ ಹಣೆ ಮುಟ್ಟಿದಳು. ಬೆಚ್ಚಗಿದೆ ಅನ್ನಿಸಿತು. ಆದರೆ ಭಯದಿಂದ ಅವಳ ಅಂಗೈಯೇ ಮಂಜಾಗಿತ್ತು. ಮಂಜಿನ ಕೈಗೆ ಯಾವುದು ತಾನೇ ಬೆಚ್ಚಗಿರುವುದಿಲ್ಲ? ಕೈಯನ್ನು ಕಂಕುಳಲ್ಲಿ ಇಟ್ಟು ಬಿಸಿ ಮಾಡಿಕೊಂಡು ಮತ್ತೆ ಮುಟ್ಟಿದಳು. ಗೊತ್ತಾಗಲಿಲ್ಲ.

"ಸಿಸ್ಟರ್," ಎಂದು ಕೂಗಿದಳು. ವಾರ್ಡಿನ ಇನ್ನೊಂದು ತುದಿಯವರೂ ತಿರುಗಿ ನೋಡುವಷ್ಟು ಜೋರಾಗಿ. "ಸಿಸ್ಟರ್, ಬನ್ನಿ. ಇವನು ಬೆವರ್ತಿದಾನೆ."

ನರ್ಸ್ ಬಂದಳು. ಕಾಲ್ಬೆರಳಿಗೆ ಕಟ್ಟಿದ ತಂತಿಯ ಮಾನಿಟರ್ ನೋಡಿದಳು, ಉಸಿರು ಎಣಿಸಿದಳು, ಕೈಕಾಲು ಮುಟ್ಟಿದಳು. "ಎಲ್ಲ ಸರಿಯಾಗಿದೆಯಮ್ಮ. ಕೈಕಾಲು ಬೆಚ್ಚಗಿದೆ. ಬಣ್ಣ ನೋಡಿ ಎಷ್ಟು ಚೆನ್ನಾಗಿದೆ. ಡಾಕ್ಟರಿಗೂ ಹೇಳ್ತೀನಿ, ಆದ್ರೆ ಇದು ಬರೀ ಸೆಕೆ. ಮೇಲಿನ ಹೊದಿಕೆ ತೆಗೀರಿ."

ಅತ್ತೆ ಬೆಂಚಿನ ಮೇಲೆ ಕೂತರು. ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅವರ ಮುಖದ ಒಂದು ಮೂಲೆಯಲ್ಲಿ ಹಳೆಯ ನಗು ಹೆದರುತ್ತ ಇಣುಕಿತು. "ಹಾಗಾದ್ರೆ ಇದು ನಮ್ಮ ಮನೆ ಬೆವರೇ, ಬಿಡು," ಎಂದು ಅವಳ ಕಡೆ ನೋಡಿದರು.

ಬಾಗಿಲಲ್ಲಿ ನಿಂತಿದ್ದ ಗಂಡ ನಕ್ಕ. ನಾದಿನಿ ನಕ್ಕಳು. ಪಕ್ಕದ ಹಾಸಿಗೆಯ ತಾಯಿಯೂ ಏನೆಂದು ತಿಳಿಯದೆ ನಕ್ಕಳು. ಎಲ್ಲರೂ ನಕ್ಕು ಮುಗಿದ ಮೇಲೆ ಉಳಿಯುವ ಆ ಸಣ್ಣ ಜಾಗ ಅವಳಿಗಾಗಿ ಕಾದಿತ್ತು.

ಅವಳಿಗೆ ಅತ್ತೆಯ ಮೇಲೆ ಸಿಟ್ಟಿರಲಿಲ್ಲ. ಆಪರೇಷನ್ನಿನ ದಿನ ಹೊರಗಿನ ಬೆಂಚಿನ ಮೇಲೆ ಅವರು ಕೇಳಿದ ಪ್ರಶ್ನೆಗೆ ತಾನು ಕೊಟ್ಟ ಉತ್ತರವನ್ನು ಎಂದಿಗೂ ಬದಲಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ನಗು ಬೇರೆ. ತನ್ನ ಕೈಗೆ ತಿಳಿಯದ್ದಕ್ಕೆ ಇನ್ನು ಬಾಯಿ ಹೌದು ಅನ್ನುವುದಿಲ್ಲ. ಅತ್ತೆಗಾಗಲಿ, ಗಂಡನಿಗಾಗಲಿ, ಹತ್ತು ಡಾಕ್ಟರು ಕೂತು ನಗುತ್ತಿದ್ದರೂ ಸರಿಯೇ. ಅವಳು ನಗಲಿಲ್ಲ.

"ಟವೆಲ್ ಕೊಡಿ ಅತ್ತೆ," ಎಂದಳು. ಹೊದಿಕೆ ಸರಿಸಿ, ಹನಿಯನ್ನು ಒರೆಸಿ, ಒರೆಸಿದ ಜಾಗದ ಮೇಲೆ ಮತ್ತೆ ಬೆರಳಿಟ್ಟು ಕಾದಳು. ಮಗು ಕುಡಿಯುತ್ತಲೇ ಇತ್ತು.